ಕಾಂಟ್ಯಾಕ್ಟ್ ಲೆನ್ಸು ಮತ್ತು ಕಣ್ಣಿನ ಆರೈಕೆ: ಬೆಂಗಳೂರಿನಲ್ಲಿ ಖರ್ಚನ್ನು ಹಿಡಿತದಲ್ಲಿಡುವ ಬಗೆ

ಕನ್ನಡಕವನ್ನು ಒಮ್ಮೆ ಮಾಡಿಸಿದರೆ ಎರಡು ವರ್ಷ ಅದರ ಖರ್ಚಿನ ಯೋಚನೆ ಇರುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸಿನ ಖರ್ಚು ಹಾಲಿನ ಲೆಕ್ಕದಂತೆ ತಿಂಗಳು ತಿಂಗಳೂ ಬರುತ್ತದೆ. ಹದಿನಾಲ್ಕು ವರ್ಷಗಳಿಂದ ಲೆನ್ಸ್ ಹಾಕುತ್ತಿರುವ ನಾನು ಮೊದಲ ಐದಾರು ವರ್ಷ ಡಬ್ಬದ ಮೇಲಿನ ಬೆಲೆಯನ್ನಷ್ಟೇ ನೋಡಿ ಕೊಳ್ಳುತ್ತಿದ್ದೆ. ಅಗ್ಗದ್ದನ್ನು ತಂದು, ಅವಧಿ ಮುಗಿದ ಮೇಲೂ ಎಳೆದೆಳೆದು ಬಳಸುವುದೇ ಉಳಿತಾಯವೆಂದು ನಂಬಿದ್ದೆ. ಆ ನಂಬಿಕೆ ಎಷ್ಟು ದುಬಾರಿಯಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಲೆನ್ಸಿನಲ್ಲಿ ಹಣ ಉಳಿಯುವುದು ನಮ್ಮ ಬಳಕೆಗೆ ತಕ್ಕ ಬಗೆಯನ್ನು ಆರಿಸುವುದರಿಂದ ಮತ್ತು ಬೇಡದ ದಿನ ಹಾಕದೆ ಇರುವುದರಿಂದ; ಲೆನ್ಸಿನ ಅವಧಿಯಲ್ಲಾಗಲಿ ಅದನ್ನು ತೊಳೆಯುವ ಸಲ್ಯೂಷನ್ನಿನಲ್ಲಾಗಲಿ ಜಿಪುಣತನ ಮಾಡುವುದರಿಂದ ಅಲ್ಲ.

ಮೊದಲು ಕೈಯಲ್ಲಿರಬೇಕಾದ ಚೀಟಿ

ಕನ್ನಡಕದ ಚೀಟಿಯನ್ನು ತೋರಿಸಿ ಲೆನ್ಸ್ ಕೊಳ್ಳಬಹುದೆಂದು ಅನೇಕರು ತಿಳಿದಿದ್ದಾರೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸು ಕಣ್ಣಿನ ಮೇಲೆಯೇ ಕೂರುತ್ತದೆ. ಆದ್ದರಿಂದ ಪವರ್ 4 ದಾಟಿದ ಮೇಲೆ ಎರಡರ ಅಂಕಿಗಳು ಬೇರೆಯಾಗುತ್ತವೆ. ಕನ್ನಡಕದಲ್ಲಿ ಮೈನಸ್ 5 ಇದ್ದವರಿಗೆ ಲೆನ್ಸಿನಲ್ಲಿ ಮೈನಸ್ 4.75 ಸಾಕಾಗುತ್ತದೆ, ಮೈನಸ್ 8 ಇದ್ದವರಿಗೆ ಮೈನಸ್ 7.25ರ ಆಸುಪಾಸಿಗೆ ಇಳಿಯುತ್ತದೆ. ಪವರ್ ಅಲ್ಲದೆ ಲೆನ್ಸಿಗೆ ಇನ್ನೆರಡು ಅಳತೆಗಳಿವೆ. ಒಂದು ಬೇಸ್ ಕರ್ವ್, ಅಂದರೆ ಲೆನ್ಸಿನ ಒಳಮೈಯ ಬಾಗು, ಇನ್ನೊಂದು ವ್ಯಾಸ. ಡಬ್ಬದ ಮೇಲೆ 8.6, 14.2 ಎಂಬಂತೆ ಕಾಣುವ ಅಂಕಿಗಳು ಇವೇ.

ಲೆನ್ಸ್ ಕೂರಿಸಿ ನೋಡಿ, ಅಳತೆ ಸರಿಹೊಂದಿದ ಮೇಲೆ, ಪವರ್, ಬೇಸ್ ಕರ್ವ್, ವ್ಯಾಸ, ಬ್ರ್ಯಾಂಡಿನ ಹೆಸರು ಮತ್ತು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದನ್ನು ಬರೆಸಿಕೊಂಡೇ ಹೊರಬರಬೇಕು. ಈ ಚೀಟಿ ಇದ್ದರೆ ಜಯನಗರದ ಅಂಗಡಿಯ ಬೆಲೆಯನ್ನು ಮಲ್ಲೇಶ್ವರದ ಅಂಗಡಿಯೊಡನೆಯೂ ಆನ್‌ಲೈನ್ ಬೆಲೆಯೊಡನೆಯೂ ಹೋಲಿಸಬಹುದು. ಇಲ್ಲದಿದ್ದರೆ ಅದೇ ಅಂಗಡಿಗೆ ಅಂಟಿಕೊಂಡಿರಬೇಕಾಗುತ್ತದೆ. ನಮ್ಮ ಮನೆಯ ಹತ್ತಿರದ ಅಂಗಡಿಯೊಂದರಲ್ಲಿ ‘ನಮ್ಮ ಕಂಪ್ಯೂಟರಿನಲ್ಲಿದೆ, ಬರೆದುಕೊಡುವ ಅಗತ್ಯವಿಲ್ಲ’ ಎಂದು ಮೂರು ವರ್ಷ ನನ್ನನ್ನು ಸಾಗಹಾಕಿದ್ದರು. ಪರೀಕ್ಷೆ ಉಚಿತವೆನ್ನುವ ಕಡೆ ಹೀಗಾಗುವ ಸಂಭವ ಹೆಚ್ಚು. ಇನ್ನೂರು ಮುನ್ನೂರು ರೂಪಾಯಿ ಶುಲ್ಕ ಕೊಟ್ಟಾದರೂ ಚೀಟಿ ಪಡೆಯುವುದು ಲಾಭದ ವ್ಯವಹಾರವೆಂಬುದು ನನ್ನ ಅಭಿಪ್ರಾಯ. ಯಂತ್ರದೊಳಗೆ ಇಣುಕಿಸಿ ಕ್ಷಣಾರ್ಧದಲ್ಲಿ ಅಂಕಿ ಕೊಡುವ ‘ಕಂಪ್ಯೂಟರ್ ಪರೀಕ್ಷೆ’ ಒಂದು ಅಂದಾಜು ಮಾತ್ರ. ಅದರ ನಂತರ ದೃಷ್ಟಿ ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಒಂದೊಂದೇ ಗಾಜು ಬದಲಿಸಿ ಅಕ್ಷರ ಓದಿಸಿ ಖಚಿತಪಡಿಸಿಕೊಳ್ಳದಿದ್ದರೆ ಆ ಅಂಕಿಯನ್ನು ನಂಬಿ ಹಣ ಹಾಕಬಾರದು.

ಅಲ್ಲಿಯೇ ಪ್ರಯೋಗದ ಲೆನ್ಸ್ ಕೇಳಬೇಕು. ಹಲವು ಕಂಪನಿಗಳು ಅಂಗಡಿಗಳಿಗೂ ಆಸ್ಪತ್ರೆಗಳಿಗೂ ಟ್ರಯಲ್ ಜೋಡಿಗಳನ್ನು ಕೊಟ್ಟಿರುತ್ತವೆ. ಅಂಗಡಿಯ ಕುರ್ಚಿಯಲ್ಲಿ ಹತ್ತು ನಿಮಿಷ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಏಸಿ ಕಚೇರಿಯಲ್ಲಿ ಒಂದಿಡೀ ದಿನ ಕೂತು, ಸಂಜೆ ಧೂಳಿನ ರಸ್ತೆಯಲ್ಲಿ ಮನೆಗೆ ಬಂದ ಮೇಲೆ ಕಣ್ಣು ಏನು ಹೇಳುತ್ತದೆಂದು ನೋಡಿ, ಆಮೇಲೆ ಡಬ್ಬ ಕೊಳ್ಳಬೇಕು.

ಹಾಕಿದ ದಿನಕ್ಕೆ ಎಷ್ಟು ಬಿತ್ತು?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ದಿನಕ್ಕೊಂದು ಜೋಡಿ ಹಾಕಿ ಎಸೆಯುವ ಡೈಲಿ ಲೆನ್ಸು, ಹದಿನೈದು ದಿನದ ಲೆನ್ಸು, ತಿಂಗಳ ಲೆನ್ಸು, ಮತ್ತು ಈಗ ಕಡಿಮೆಯಾಗುತ್ತಿರುವ ವರ್ಷದ ಲೆನ್ಸು. ಬೆಲೆಯನ್ನು ನೋಡಿದ ಕೂಡಲೇ ಡೈಲಿ ಲೆನ್ಸು ಸಿರಿವಂತರ ವಸ್ತುವೆನಿಸುತ್ತದೆ. ಆದರೆ ಲೆಕ್ಕ ಹಾಕಬೇಕಾದದ್ದು ಹಾಕಿಕೊಂಡ ಒಂದೊಂದು ದಿನಕ್ಕೆ ಎಷ್ಟು ಬಿತ್ತು ಎಂದು.

ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ತಿಂಗಳ ಲೆನ್ಸು ಆರು ಇರುವ ಡಬ್ಬಕ್ಕೆ 1,800 ರೂಪಾಯಿ ಎಂದರೆ ಒಂದಕ್ಕೆ 300, ಜೋಡಿಗೆ 600. ಸಲ್ಯೂಷನ್ ಮತ್ತು ಲೆನ್ಸ್ ಇಡುವ ಕೇಸಿಗೆ ತಿಂಗಳಿಗೆ 300 ಸೇರಿಸಿದರೆ ಒಟ್ಟು 900 ರೂಪಾಯಿ. ಮೂವತ್ತು ಡೈಲಿ ಲೆನ್ಸುಗಳ ಡಬ್ಬಕ್ಕೂ 1,800 ಎಂದುಕೊಂಡರೆ ಒಂದಕ್ಕೆ 60, ಜೋಡಿಗೆ 120; ಸಲ್ಯೂಷನ್ ಬೇಕಾಗಿಲ್ಲ. 900ನ್ನು 120ರಿಂದ ಭಾಗಿಸಿದರೆ ಏಳೂವರೆ ಬರುತ್ತದೆ. ಅಂದರೆ ತಿಂಗಳಿಗೆ ಏಳು ದಿನದವರೆಗೆ ಲೆನ್ಸ್ ಹಾಕುವವರಿಗೆ ಡೈಲಿಯೇ ಅಗ್ಗ. ಎಂಟನೆಯ ದಿನದಿಂದ ತಿಂಗಳ ಲೆನ್ಸು ಅಗ್ಗ. ವಾರಕ್ಕೆ ಐದು ದಿನ ಹಾಕುವವರು ಡೈಲಿ ಕೊಂಡರೆ ತಿಂಗಳಿಗೆ 900ರ ಬದಲು ಸುಮಾರು 2,600 ಖರ್ಚು ಮಾಡುತ್ತಾರೆ. ನಿಮ್ಮ ಅಂಗಡಿಯ ನಿಜ ಬೆಲೆಗಳನ್ನು ಇದೇ ಲೆಕ್ಕದಲ್ಲಿ ಹಾಕಿ ನೋಡಿದರೆ ನಿಮ್ಮ ಗಡಿ ಯಾವುದೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿ ಬಹಳಷ್ಟು ಜನ ಎಡವುವ ಒಂದು ವಿಷಯವಿದೆ. ತಿಂಗಳ ಲೆನ್ಸಿನ ತಿಂಗಳು ಶುರುವಾಗುವುದು ಅದರ ಪೊಟ್ಟಣ ಒಡೆದ ದಿನದಿಂದ. ‘ನಾನು ವಾರಕ್ಕೆ ಎರಡೇ ದಿನ ಹಾಕುತ್ತೇನೆ, ಆದ್ದರಿಂದ ನನ್ನ ಲೆನ್ಸು ನಾಲ್ಕು ತಿಂಗಳು ಬರುತ್ತದೆ’ ಎಂಬ ವಾದಕ್ಕೆ ಆಧಾರವಿಲ್ಲ. ಕೇಸಿನಲ್ಲಿ ನೆನೆದು ಕೂತಿದ್ದರೂ ಅದು ಹಳೆಯದಾಗುತ್ತಲೇ ಇರುತ್ತದೆ. ವಾರಾಂತ್ಯದ ಬ್ಯಾಡ್ಮಿಂಟನ್‌ಗೆ, ಮದುವೆ ಮುಂಜಿಗೆ ಮಾತ್ರ ಲೆನ್ಸ್ ಹಾಕುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಮನೆಯಿಂದಲೇ ಕೆಲಸ ಮಾಡುವ ರೂಢಿ ಬಂದ ಮೇಲೆ ಇನ್ನೂ ಹೆಚ್ಚಿದ್ದಾರೆ. ಅವರೆಲ್ಲ ಅಗ್ಗವೆಂದು ತಿಂಗಳ ಲೆನ್ಸು ಕೊಂಡು ಅರ್ಧ ಬಳಸಿ ಎಸೆಯುತ್ತಾರೆ, ಇಲ್ಲವೇ ಎಸೆಯಬೇಕಾದದ್ದನ್ನು ಕಣ್ಣಿಗೆ ಹಾಕುತ್ತಾರೆ.

ಇನ್ನೊಂದು ಸಣ್ಣ ಉಪಾಯ. ಎರಡೂ ಕಣ್ಣಿನ ಪವರ್ ಒಂದೇ ಆಗಿದ್ದರೆ ಎರಡು ಡಬ್ಬ ಕೊಳ್ಳಬೇಕಾಗಿಲ್ಲ, ಒಂದೇ ಡಬ್ಬ ಎರಡೂ ಕಣ್ಣಿಗೆ ಆಗುತ್ತದೆ. ಕಾಲು ಪವರಿನಷ್ಟು ವ್ಯತ್ಯಾಸವಿದ್ದಾಗಲೂ ಎರಡಕ್ಕೂ ಒಂದೇ ಪವರ್ ಸಾಕಾದೀತೇ ಎಂದು ಪರೀಕ್ಷಿಸಿದವರನ್ನು ಕೇಳಿ ನೋಡಬಹುದು. ಹೂಂ ಅಂದರೆ ಆಯಿತು, ಇಲ್ಲವೆಂದರೆ ಒತ್ತಾಯ ಬೇಡ. ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಿಲ್ಲದಾಗ ಬೇಕಾಗುವ ಸಿಲಿಂಡರ್ ಪವರ್ ಇರುವವರಿಗೆ ಕೊಡುವ ಟೋರಿಕ್ ಲೆನ್ಸು ಸಾಮಾನ್ಯ ಲೆನ್ಸಿಗಿಂತ ದುಬಾರಿ. ಸಿಲಿಂಡರ್ 0.75ರ ಒಳಗಿದ್ದರೆ ಕೆಲವರಿಗೆ ಸಾಮಾನ್ಯ ಲೆನ್ಸಿನಲ್ಲೇ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಎರಡನ್ನೂ ಹಾಕಿಸಿ ನೋಡಿ, ರಾತ್ರಿ ವಾಹನ ಓಡಿಸುವಾಗ ಹೇಗಿದೆ ಎಂಬುದನ್ನೂ ಗಮನಿಸಿ ತೀರ್ಮಾನಿಸಬಹುದು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಶಂಕುವಿನಂತೆ ಮುಂಚಾಚುವ ಕೆರಟೋಕೋನಸ್ ಇರುವವರ ವಿಷಯ ಬೇರೆ. ಅವರಿಗೆ ಬೇಕಾಗುವ ಗಟ್ಟಿ ಆರ್‌ಜಿಪಿ ಲೆನ್ಸು ಮೊದಲಿಗೆ ದುಬಾರಿಯೆನಿಸಿದರೂ ಜೋಪಾನ ಮಾಡಿದರೆ ಒಂದೆರಡು ವರ್ಷ ಬಾಳುತ್ತದೆ, ಅದನ್ನು ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳಬೇಕು.

ಕೈ ಬಿಗಿ ಹಿಡಿಯಬಾರದ ಜಾಗಗಳು

ಕೆಲವು ವರ್ಷಗಳ ಹಿಂದೆ ತಿಂಗಳ ಲೆನ್ಸೊಂದನ್ನು ಐವತ್ತು ದಿನ ಎಳೆದೆ. ಒಂದು ಬೆಳಗ್ಗೆ ಎಡಗಣ್ಣು ಕೆಂಡದಂತಾಗಿ, ಕಿಟಕಿಯ ಬೆಳಕನ್ನೂ ತಾಳಲಾಗದೆ ಆಸ್ಪತ್ರೆಗೆ ಹೋದಾಗ ಕಾರ್ನಿಯಾದ ಮೇಲೆ ಸಣ್ಣ ಹುಣ್ಣಾಗಿದೆಯೆಂದರು. ಮೊದಲೆರಡು ದಿನ ಗಂಟೆಗೊಮ್ಮೆ ಔಷಧಿ ಬಿಡಬೇಕಾಯಿತು, ಆರು ವಾರ ಲೆನ್ಸು ಮುಟ್ಟುವಂತಿರಲಿಲ್ಲ. ಇಪ್ಪತ್ತು ದಿನ ಹೆಚ್ಚು ಬಳಸಿ ನಾನು ಉಳಿಸಿದ್ದು 400 ರೂಪಾಯಿ. ವೈದ್ಯರ ಶುಲ್ಕ, ಔಷಧಿ, ಆಟೋ ಎಲ್ಲ ಸೇರಿ ಖರ್ಚಾದದ್ದು ಐದು ಸಾವಿರಕ್ಕೂ ಮೇಲೆ. ಕಚೇರಿಗೆ ಹಾಕಿದ ರಜೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ನೀರಿನ ವಿಷಯದಲ್ಲಂತೂ ರಾಜಿಯೇ ಇರಬಾರದು. ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಟ್ಯಾಂಕರ್ ನೀರಾಗಲಿ ಮೊದಲು ಸಂಪಿಗೆ ಬಿದ್ದು, ಅಲ್ಲಿಂದ ಮಹಡಿಯ ಟ್ಯಾಂಕಿಗೆ ಏರಿ, ಅಲ್ಲಿ ನಿಂತು ನಲ್ಲಿಗೆ ಬರುತ್ತದೆ. ಇಂಥ ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಲ್ಲದು. ಅದು ಕಾರ್ನಿಯಾಕ್ಕೆ ತಗುಲಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ, ಕೆಲವರಿಗೆ ಕಾರ್ನಿಯಾ ಕಸಿಯವರೆಗೂ ಹೋಗುತ್ತದೆ. ಆದ್ದರಿಂದ ಲೆನ್ಸನ್ನಾಗಲಿ ಕೇಸನ್ನಾಗಲಿ ನಲ್ಲಿ ನೀರಿನಲ್ಲಿ ತೊಳೆಯಬಾರದು, ಲೆನ್ಸ್ ಹಾಕಿಕೊಂಡು ತಲೆಗೆ ಸ್ನಾನ ಮಾಡಬಾರದು, ಈಜುಕೊಳಕ್ಕೆ ಇಳಿಯಬಾರದು. ಕುಡಿಯುವ ಆರ್‌ಒ ನೀರು ಶುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಅದು ಕುಡಿಯಲು ಶುದ್ಧ, ಲೆನ್ಸಿಗೆ ಅಲ್ಲ. ಸಲ್ಯೂಷನ್ನಿಗಿಂತ ಅಗ್ಗವೆಂದು ಬರಿಯ ಸಲೈನ್ (ಉಪ್ಪಿನ ದ್ರಾವಣ) ತಂದು ಅದರಲ್ಲಿ ಲೆನ್ಸ್ ನೆನೆಯಿಡುವುದೂ ತಪ್ಪು, ಏಕೆಂದರೆ ಸಲೈನ್ ಲೆನ್ಸನ್ನು ತೊಳೆಯುತ್ತದೆಯೇ ಹೊರತು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ.

ನಿನ್ನೆಯ ಸಲ್ಯೂಷನ್ ಚೆಲ್ಲದೆ ಅದರ ಮೇಲೆಯೇ ಎರಡು ಹನಿ ಸೇರಿಸಿ ಬಾಟಲಿ ಉಳಿಸುವವರನ್ನು ಕಂಡಿದ್ದೇನೆ. 2006ರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಹಲವು ದೇಶಗಳ ಲೆನ್ಸ್ ಬಳಕೆದಾರರಲ್ಲಿ ಕಾಣಿಸಿಕೊಂಡು, ಬಾಷ್ ಅಂಡ್ ಲಾಂಬ್ ಕಂಪನಿ ತನ್ನ ‘ರೆನ್ಯೂ ವಿತ್ ಮಾಯಿಸ್ಚರ್‌ಲಾಕ್’ ಸಲ್ಯೂಷನ್ನನ್ನು ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ಹಿಂತೆಗೆದುಕೊಂಡಿತು. ಆಗ ನಡೆದ ತನಿಖೆಯಲ್ಲಿ ಹಳೆಯ ಸಲ್ಯೂಷನ್ನನ್ನೇ ಮತ್ತೆ ಬಳಸುವ ಅಭ್ಯಾಸವೂ ಅಪಾಯವನ್ನು ಹೆಚ್ಚಿಸಿದ್ದು ಕಂಡುಬಂದಿತು. ದಿನವೂ ಹೊಸದಾಗಿ ಸುರಿಯಬೇಕು, ಅಂಗೈಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಉಜ್ಜಬೇಕು, ಬೆಳಗ್ಗೆ ಕೇಸನ್ನು ಬರಿದು ಮಾಡಿ ಬೋರಲು ಹಾಕಿ ಒಣಗಿಸಬೇಕು, ಮೂರು ತಿಂಗಳಿಗೊಮ್ಮೆ ಕೇಸನ್ನೇ ಬದಲಿಸಬೇಕು. ಉಳಿತಾಯ ಬೇಕಿದ್ದರೆ ಮಿಲಿಲೀಟರಿಗೆ ಎಷ್ಟು ಬೀಳುತ್ತದೆಂದು ನೋಡಿ ದೊಡ್ಡ ಬಾಟಲಿಯನ್ನೋ ಜೋಡಿ ಪ್ಯಾಕನ್ನೋ ಕೊಳ್ಳಬಹುದು, ಆದರೆ ದಿನವೂ ಬಳಸುವವರು ಮಾತ್ರ. ಮುಚ್ಚಳ ತೆರೆದ ಮೇಲೆ ಎಷ್ಟು ದಿನದೊಳಗೆ ಮುಗಿಸಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದೆ, ಹಲವಕ್ಕೆ ಅದು 90 ದಿನ. ತೆರೆದ ದಿನಾಂಕವನ್ನು ಮಾರ್ಕರಿನಿಂದ ಬಾಟಲಿಯ ಮೇಲೆಯೇ ಬರೆಯುವುದು ಒಳ್ಳೆಯದು.

ಮಳೆಗಾಲದಲ್ಲಿ ಮದ್ರಾಸ್ ಐ ಬಂದರೆ ಆಗ ಹಾಕಿದ್ದ ಲೆನ್ಸನ್ನೂ ಕೇಸನ್ನೂ ಎಸೆಯಲೇಬೇಕು. ಆರತಕ್ಷತೆಗೆಂದು ಬಣ್ಣದ ಲೆನ್ಸನ್ನು ಗೆಳತಿಯರ ನಡುವೆ ಹಂಚಿಕೊಳ್ಳುವುದು ಸುತರಾಂ ಕೂಡದು. ಪವರ್ ಇಲ್ಲದ ಲೆನ್ಸಿಗೂ ಅಳತೆ ಬೇಕು, ಒಂದು ದಿನದ ಸಂಭ್ರಮಕ್ಕೆ ಒಂದು ಜೋಡಿ ಡೈಲಿ ಸಾಕು.

ಕೊಳ್ಳುವಾಗ

ಕಾಂಟ್ಯಾಕ್ಟ್ ಲೆನ್ಸು, ಕನ್ನಡಕದ ಗಾಜು ಮತ್ತು ಫ್ರೇಮುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಬಿಲ್ಲು ಕೇಳಿ ಪಡೆದು ಅದರಲ್ಲಿ ಎಷ್ಟು ತೆರಿಗೆ ಹಾಕಿದ್ದಾರೆಂದು ನೋಡುವುದು ಗ್ರಾಹಕರ ಹಕ್ಕು. ಡಬ್ಬದ ಮೇಲೆ ಎಂಆರ್‌ಪಿ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಹೊರದೇಶದ ಸರಕಾದರೆ ಆಮದು ಮಾಡಿದವರ ಹೆಸರು ಮತ್ತು ವಿಳಾಸ ಇರಬೇಕು. ಇವುಗಳಲ್ಲಿ ಯಾವುದಾದರೂ ಇಲ್ಲದ್ದು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಆನ್‌ಲೈನಿನಲ್ಲಿ ಭಾರಿ ರಿಯಾಯಿತಿಗೆ ಬರುವ ಡಬ್ಬಗಳಲ್ಲಿ ಕೆಲವಕ್ಕೆ ಅವಧಿ ಹತ್ತಿರ ಬಂದಿರುತ್ತದೆ. ಮೂರು ತಿಂಗಳಲ್ಲಿ ಬಳಸಿ ಮುಗಿಸುವವರಿಗೆ ಇದು ನಿಜವಾಗಿಯೂ ಲಾಭ, ಸಂಗ್ರಹಿಸಿಡುವವರಿಗೆ ನಷ್ಟ.

ಒಂದು ವರ್ಷದ ದಾಸ್ತಾನನ್ನು ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆಂಬುದು ನಿಜವಾದರೂ, ಓದುತ್ತಿರುವ ಹುಡುಗ ಹುಡುಗಿಯರಿಗೆ ಪವರ್ ಏರುತ್ತಲೇ ಇರುವುದರಿಂದ ಅವರಿಗೆ ಅದು ಸಲ್ಲದು. ಎರಡು ವರ್ಷ ಪವರ್ ಬದಲಾಗದೆ ನಿಂತವರು ಬೇಕಾದರೆ ಹಾಗೆ ಕೊಳ್ಳಬಹುದು.

ಕನ್ನಡಕವೇ ಲೆನ್ಸಿನ ಉಳಿತಾಯ

ಸರಿಯಾದ ಪವರಿನ ಕನ್ನಡಕವೊಂದು ಮನೆಯಲ್ಲಿ ಇಲ್ಲದವರು ಲೆನ್ಸನ್ನು ಬೆಳಗಿನಿಂದ ಮಲಗುವವರೆಗೂ ಹಾಕಿಕೊಂಡೇ ಇರುತ್ತಾರೆ, ಕಣ್ಣು ಕೆಂಪಾದಾಗಲೂ ತೆಗೆಯುವುದಿಲ್ಲ. ಡೈಲಿ ಬಳಸುವವರಿಗಂತೂ ಕನ್ನಡಕ ಹಾಕಿದ ಪ್ರತಿ ದಿನವೂ ನೇರ ಉಳಿತಾಯ. ಹಳೆಯ ಫ್ರೇಮು ಗಟ್ಟಿಯಾಗಿದ್ದರೆ ಅದಕ್ಕೇ ಹೊಸ ಗಾಜು ಹಾಕಿಸಿಕೊಳ್ಳಬಹುದು. ‘ಹಳೆಯ ಫ್ರೇಮು ಒಡೆದೀತು’ ಎಂದು ಹೆದರಿಸುವ ಅಂಗಡಿಯವರಿಗೆ ಒಡೆದರೆ ಹೊಣೆ ನನ್ನದೇ ಎಂದು ಹೇಳಿದರೆ ಮಾಡಿಕೊಡುತ್ತಾರೆ.

ಗಾಜಿನ ಲೇಪಗಳ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರವಾಗದಂತೆ ನೋಡಿಕೊಳ್ಳಬೇಕು. ಪ್ರತಿಫಲನ ತಡೆಯುವ ಲೇಪ ರಾತ್ರಿ ವಾಹನ ಓಡಿಸುವವರಿಗೆ ಉಪಯುಕ್ತ. ನೀಲಿ ಬೆಳಕು ತಡೆಯುವ ‘ಬ್ಲೂ ಕಟ್’ಗೆ ಐಟಿ ಕಂಪನಿಗಳ ನೌಕರರು ಧಾರಾಳವಾಗಿ ಹಣ ಸುರಿಯುತ್ತಾರೆ, ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯ ಪ್ರಕಾರ ಅಲ್ಪಾವಧಿಯಲ್ಲಿ ಅದರಿಂದ ಕಣ್ಣಿನ ದಣಿವು ಕಡಿಮೆಯಾಗುವ ಸಾಧ್ಯತೆ ಕಾಣುವುದಿಲ್ಲ. ತೆಳುವಾದ ಹೈ ಇಂಡೆಕ್ಸ್ ಗಾಜು ಪವರ್ ಐದಾರು ದಾಟಿದವರಿಗೆ ಬೇಕು, ಎರಡು ಮೂರು ಇರುವವರಿಗೆ ಬೇಕಿಲ್ಲ. ಮಕ್ಕಳಿಗೆ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಗಾಜು ಹಾಕಿಸಲು ಮಾತ್ರ ಹಿಂದೆಮುಂದೆ ನೋಡಬಾರದು.

ಪರೀಕ್ಷೆ, ಆಸ್ಪತ್ರೆ, ಔಷಧಿ

ಪವರ್ ಪರೀಕ್ಷೆ ಬೇರೆ, ಕಣ್ಣಿನ ಪರೀಕ್ಷೆ ಬೇರೆ. ಅಂಗಡಿಯಲ್ಲಿ ಆಗುವುದು ಮೊದಲನೆಯದು. ಕಣ್ಣಿನೊಳಗಿನ ಒತ್ತಡ, ನರ, ಹಿಂಭಾಗದ ಪರದೆಯಾದ ರೆಟಿನಾ ಇವುಗಳನ್ನು ನೋಡುವುದು ಕಣ್ಣಿನ ವೈದ್ಯರ ಕೆಲಸ. ಮಧುಮೇಹ ಇರುವವರು, ಮೈನಸ್ 6 ದಾಟಿದವರು, ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇರುವವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಲೇಬೇಕು. ಗ್ಲಾಕೋಮಾ ನೋವಿಲ್ಲದೆ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಹೋದ ನೋಟ ಯಾವ ಖರ್ಚಿಗೂ ಮರಳುವುದಿಲ್ಲ.

ಇದಕ್ಕೆ ದುಬಾರಿ ಆಸ್ಪತ್ರೆಯೇ ಆಗಬೇಕೆಂದಿಲ್ಲ. 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆ ಕೆ.ಆರ್. ಮಾರುಕಟ್ಟೆಯ ಬಳಿಯಲ್ಲೇ ಇದೆ, ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು; ಬೆಳಗ್ಗೆ ಬೇಗ ಹೋಗಿ ಸರದಿಯಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಅಲ್ಪ ಶುಲ್ಕದಲ್ಲಿ ತಜ್ಞರು ನೋಡುತ್ತಾರೆ. ಜೆ.ಸಿ. ರಸ್ತೆಯಲ್ಲಿ ಲಯನ್ಸ್ ಸಂಸ್ಥೆಯ ಕಣ್ಣಿನ ಆಸ್ಪತ್ರೆಯಿದೆ. ಕುಂದಲಹಳ್ಳಿ ಗೇಟಿನ ಶಂಕರ ಕಣ್ಣಿನ ಆಸ್ಪತ್ರೆ ಹಣ ಕೊಡಬಲ್ಲವರಿಂದ ಪಡೆದ ಶುಲ್ಕದಿಂದ ಹಳ್ಳಿಗಳ ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ ನಡೆಸುತ್ತದೆ; ಊರಿನಲ್ಲಿ ಪೊರೆ ಬಂದು ಕೂತಿರುವ ಅಜ್ಜ ಅಜ್ಜಿಯರಿದ್ದರೆ ಅದರ ಶಿಬಿರ ಯಾವಾಗ ಎಂದು ವಿಚಾರಿಸಬಹುದು. ಮಾರ್ಚ್ ತಿಂಗಳ ವಿಶ್ವ ಗ್ಲಾಕೋಮಾ ಸಪ್ತಾಹದಲ್ಲಿ ಮತ್ತು ಅಕ್ಟೋಬರ್ ಎರಡನೆಯ ಗುರುವಾರದ ವಿಶ್ವ ದೃಷ್ಟಿ ದಿನದ ಆಸುಪಾಸಿನಲ್ಲಿ ಖಾಸಗಿ ಆಸ್ಪತ್ರೆಗಳೂ ಉಚಿತ ತಪಾಸಣೆ ಇಟ್ಟುಕೊಳ್ಳುವುದುಂಟು.

ಒಣಗಣ್ಣಿಗೆ ಬರೆದುಕೊಡುವ ಹನಿಗಳಲ್ಲಿ ಹಲವು ಕಾರ್ಬಾಕ್ಸಿಮೀಥೈಲ್‌ಸೆಲ್ಯುಲೋಸ್ ಎಂಬ ಒಂದೇ ಔಷಧಿ. ಚೀಟಿಯಲ್ಲಿರುವ ಬ್ರ್ಯಾಂಡ್ ಹೆಸರಿನ ಬದಲು ಈ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಬೆಲೆ ಬಹಳ ಕಡಿಮೆಯಾಗುತ್ತದೆ. ಸಂರಕ್ಷಕ ರಾಸಾಯನಿಕವಿರುವ ಹನಿಯನ್ನು ಲೆನ್ಸಿನ ಮೇಲೆಯೇ ಬಿಡಬಾರದು. ಲೆನ್ಸ್ ತೆಗೆದು ಹನಿ ಬಿಟ್ಟು, ಕಾಲು ಗಂಟೆ ಕಳೆದ ಮೇಲೆ ಹಾಕಬೇಕು. ಕಣ್ಣು ಕೆಂಪಾದಾಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಹನಿಯಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇದ್ದರೆ, ವೈದ್ಯರ ಶುಲ್ಕ ಉಳಿಸಲು ಹೋಗಿ ಸೋಂಕನ್ನು ಹೆಚ್ಚಿಸಿಕೊಂಡಂತೆ. ತಿಂಗಳುಗಟ್ಟಲೆ ಬಿಟ್ಟರೆ ಗ್ಲಾಕೋಮಾವೂ ಪೊರೆಯೂ ಬರಬಹುದು.

ಆರೋಗ್ಯ ವಿಮೆಯಿಂದ ಲೆನ್ಸಿಗೂ ಕನ್ನಡಕಕ್ಕೂ ಸಾಮಾನ್ಯವಾಗಿ ಹಣ ಬರುವುದಿಲ್ಲ. ಪವರ್ ತೆಗೆಸುವ ಲೇಸರ್ ಶಸ್ತ್ರಚಿಕಿತ್ಸೆಯೂ ಪವರ್ 7.5ಕ್ಕಿಂತ ಕಡಿಮೆಯಿದ್ದರೆ ವಿಮಾ ನಿಯಂತ್ರಕರು ಒಪ್ಪಿದ ಪ್ರಮಾಣಿತ ಹೊರಗಿಡುವ ಪಟ್ಟಿಯಲ್ಲಿದೆ. ಮೇಲಿನ ಲೆಕ್ಕದಂತೆ ತಿಂಗಳಿಗೆ 900 ರೂಪಾಯಿ ಎಂದರೆ ಹತ್ತು ವರ್ಷಕ್ಕೆ 1,08,000 ಆಗುತ್ತದೆ, ಶಸ್ತ್ರಚಿಕಿತ್ಸೆಯ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು; ಆದರೆ ಎಲ್ಲರ ಕಾರ್ನಿಯಾವೂ ಅದಕ್ಕೆ ಒಗ್ಗುವುದಿಲ್ಲ, ನಲವತ್ತರ ನಂತರದ ಚಾಳೀಸು ಅದರಿಂದ ತಪ್ಪುವುದೂ ಇಲ್ಲ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಆರೋಗ್ಯ ವಿಮೆಗೆ ಸಿಗುವ ವಿನಾಯಿತಿಯ ಮಿತಿಯೊಳಗೆ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಪಡೆಯಬಹುದು, ನಗದು ಕೊಟ್ಟಿದ್ದರೂ ನಡೆಯುತ್ತದೆ, ರಶೀದಿ ಜೋಪಾನವಾಗಿರಲಿ.

ತಪಾಸಣೆಗೆ ಹೋಗುವ ದಿನ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಂಡು, ಹಳೆಯ ಚೀಟಿಗಳನ್ನೂ ಲೆನ್ಸಿನ ಖಾಲಿ ಡಬ್ಬವನ್ನೂ ಜೊತೆಗೆ ಒಯ್ಯಬೇಕು. ಅಳತೆಗಳು ಡಬ್ಬದ ಮೇಲೆ ಇರುವುದರಿಂದ ಮೊದಲಿನಿಂದ ಶುರುಮಾಡುವ ಖರ್ಚು ತಪ್ಪುತ್ತದೆ. ರೆಟಿನಾ ನೋಡಲು ಪಾಪೆ ಹಿಗ್ಗಿಸುವ ಹನಿ ಬಿಟ್ಟರೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ, ಸ್ಕೂಟರ್ ಓಡಿಸುವಂತಿಲ್ಲ. ಮಿಂಟೋಗೆ ಹೋಗುವವರು ಹಸಿರು ಮಾರ್ಗದ ಮೆಟ್ರೋದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬಂದಿಳಿದು, ಒಂದು ತಂಪು ಕನ್ನಡಕವನ್ನೂ ಕೈಹಿಡಿದು ವಾಪಸು ಕರೆತರಲು ಮನೆಯವರೊಬ್ಬರನ್ನೂ ಜೊತೆಗಿಟ್ಟುಕೊಳ್ಳಬೇಕು.